ಸಾಕಲು ಬಿಟ್ಟ ಬೈಕು

ಶನಿವಾರ ಬಂದು ಬೈಕನ್ನು ಒಮ್ಮೆ ನೋಡಿಕೊಂಡು ಹೋಗುತ್ತೇನೆ ಎಂದು ಅರಪ್ ಮಿಬೇಯ್ ಮಂಗಳವಾರ ಹೇಳಿಕಳಿಸಿದ್ದ. ಹೇಳಿಕಳಿಸಿದ್ದು ಇಷ್ಟೇ. ಆದರೆ ನೋಡಿಕೊಂಡು ಹೋಗುವುದೆಂದರೆ ಏನೆಂದು ಚೆಪ್ಸಂಗೋರ್ ದಿಣ್ಣೆಯಲ್ಲಿ ಎಲ್ಲರಿಗೂ ಗೊತ್ತು. ಗೆಳೆಯನ ಮನೆಯಲ್ಲಿ ಸಾಕಲು ಬಿಟ್ಟ ಹಸು ಸೊರಗಿದೆ ಎಂಬ ಮಾತು ಕಿವಿಗೆ ಬಿದ್ದರೆ ಒಡೆಯ ಬರುತ್ತಾನೆ. ಅದರ ಸುತ್ತ ಎರಡು ಸಲ ನಡೆಯುತ್ತಾನೆ, ಕೊಟ್ಟ ಚಹಾ ಕುಡಿಯುತ್ತಾನೆ, ಮಳೆಯ ಮಾತಾಡುತ್ತಾನೆ. ಹೊರಡುವಾಗ ಹಗ್ಗ ಅವನ ಕೈಯಲ್ಲಿರುತ್ತದೆ.

ಬೈಕನ್ನು ಹಸುವಿನ ಹಾಗೆ ಸಾಕಲು ಬಿಟ್ಟವನು ಆ ಸೀಮೆಯಲ್ಲಿ ಮಿಬೇಯ್ ಒಬ್ಬನೇ. ಹನ್ನೆರಡು ವರ್ಷದ ಹಿಂದೆ ಎರಡು ಹೋರಿ ಮಾರಿ ಅದನ್ನು ಕೊಂಡಿದ್ದ. ಕೊಂಡ ದಿನವೇ ಚಹಾ ತೋಟದ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡ. ಮತ್ತೆ ಅದನ್ನು ಹತ್ತಲಿಲ್ಲ. ಮಾರಲೂ ಮನಸ್ಸು ಬಾರದೆ, ಹರೆಯಕ್ಕೆ ಬಂದಾಗ ಊರ ಪದ್ಧತಿಯಂತೆ ತನ್ನ ಜೊತೆಗೇ ಸುನ್ನತಿಯಾಗಿ ಒಂದೇ ಗುಡಿಸಲಲ್ಲಿ ತಿಂಗಳು ಕಳೆದಿದ್ದ ಗೆಳೆಯ ಕಿಸೋರಿಯೊನ ಮನೆಗೆ ತಂದು ಬಿಟ್ಟ. ಹಸುವಿಗೆ ಇರುವ ಮಾತೇ ಇದಕ್ಕೂ: ಹಾಲು ಸಾಕಿದವನಿಗೆ, ಹಸು ಒಡೆಯನಿಗೆ. ಬೈಕಿನ ಹಾಲೆಂದರೆ ಅದರ ದುಡಿಮೆ. ಸತ್ತರೆ ಚರ್ಮ ತಂದು ತೋರಿಸಬೇಕು, ಅಷ್ಟೆ.

ಕಿಸೋರಿಯೊ ತೀರಿಕೊಂಡು ಆರು ವರ್ಷವಾಗಿತ್ತು. ಮಾತು ಮಾತ್ರ ಹಾಗೇ ಉಳಿದಿತ್ತು. ಅವನ ಹೆಂಡತಿ ತಪ್ಕಿಗೆನ್ ಬೈಕು ಕಲಿತಳು. ಕಣಿವೆಯ ಹನ್ನೊಂದು ಮನೆಗಳ ಹಾಲನ್ನು ಎರಡು ದೊಡ್ಡ ಕ್ಯಾನುಗಳಲ್ಲಿ ತುಂಬಿಕೊಂಡು, ಕಿಪ್ಸೊಯ್ ಏರು ಹತ್ತಿ, ಮೇಲಿನ ಶೀತಲ ಘಟಕಕ್ಕೆ ಮುಟ್ಟಿಸುವುದು ಅವಳ ಕೆಲಸ. ಒಂಬತ್ತರ ಮೇಲೆ ಬಂದ ಹಾಲನ್ನು ಅಲ್ಲಿ ಇಳಿಸಿಕೊಳ್ಳುವುದಿಲ್ಲ. ಆ ತಿಂಗಳು ಎರಡು ಸಲ ಅವಳು ತಡವಾಗಿ ಹೋಗಿ, ತುಂಬಿದ ಕ್ಯಾನುಗಳನ್ನು ಹಾಗೇ ವಾಪಸು ತಂದಿದ್ದಳು. ಹನ್ನೊಂದು ಮನೆಯವರೂ ಏನೂ ಅನ್ನಲಿಲ್ಲ. ಹುಳಿ ಹಾಕಿಕೊಂಡು ಸೋರೆಬುರುಡೆಗಳಿಗೆ ತುಂಬಿದರು. ಆದರೆ ಸುದ್ದಿ ಹೊಳೆ ದಾಟಿ ಮಿಬೇಯ್‌ನ ಮನೆಗೆ ಹೋಯಿತು.

ಬೈಕಿಗೆ ಆಗಿದ್ದೇನೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಂದು, ಏರಿನಲ್ಲಿ ಇಂಜಿನ್ ಕೂಗುತ್ತದೆ, ಚಕ್ರ ನಡೆಯುವುದಿಲ್ಲ. ಗೇರು ಬಿಡಿಸಿದಂತೆ ಬರೀ ಸದ್ದು, ಸುಟ್ಟ ಎಣ್ಣೆಯ ವಾಸನೆ. ಇಳಿದು ನೂಕಬೇಕು. ಇನ್ನೊಂದು, ನಿಲ್ಲಿಸಿದಲ್ಲಿ ನಿಲ್ಲುವುದಿಲ್ಲ. ಹಾಲು ಸುರಿದುಕೊಳ್ಳಲು ಪ್ರತಿ ಮನೆಯ ಮುಂದೆ ನಿಂತಾಗಲೂ ಎಕ್ಸಲೇಟರ್ ಬಿಟ್ಟರೆ ಸಾಕು, ನಾಲ್ಕು ಸಲ ಕೆಮ್ಮಿ ಆರಿಹೋಗುತ್ತದೆ. ಹನ್ನೊಂದು ಮನೆಗೆ ಹನ್ನೊಂದು ಸಲ ಕಿಕ್ ಹೊಡೆಯಬೇಕು. ಕೆಲವೊಮ್ಮೆ ಓಡುತ್ತಿರುವಾಗಲೇ ಪೆಟ್ರೋಲ್ ಮುಗಿದ ಹಾಗೆ ಸತ್ತುಹೋಗುತ್ತದೆ. ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುತ್ತಿರುತ್ತದೆ.

ಸಂತೆ ಮೈದಾನದ ಸರ್ವೆ ಮರದ ಕೆಳಗೆ ಕೂರುವ ಮೆಕ್ಯಾನಿಕ್ ಸಿಮಿಯು ನಾಲ್ಕು ತಿಂಗಳ ಹಿಂದೆ ಕ್ಲಚ್ ಪ್ಲೇಟುಗಳನ್ನು ಬದಲಾಯಿಸಿದ್ದ. ಎರಡು ತಿಂಗಳು ನಡೆಯಿತು, ಮತ್ತೆ ಜಾರತೊಡಗಿತು. ಸಿಮಿಯು ಕೆಟ್ಟವನಲ್ಲ, ಆದರೆ ಅವನ ಸುತ್ತ ಯಾವಾಗಲೂ ಆರು ಬೈಕು ನಿಂತಿರುತ್ತಿದ್ದವು. ಬೈಕಿನ ಮೇಲೆ ಕೂತು ಕ್ಲಚ್ ಹಿಡಿಯನ್ನು ಒತ್ತಿ ನೋಡಿ, ಹಿಡಿಯಲ್ಲಿ ಸಡಿಲ ಸರಿಯಾಗೇ ಇದೆಯಲ್ಲ, ಹಾಗಾದರೆ ಪ್ಲೇಟೇ ಹೋಗಿದೆ, ಇನ್ನೊಂದು ಸೆಟ್ ತಾ ಎಂದ. ಎಕ್ಸಲೇಟರ್ ಬಿಟ್ಟಾಗ ಇಂಜಿನ್ ತಾನಾಗಿ ಓಡುವ ಸ್ಲೋ ನಿಲ್ಲುತ್ತಿಲ್ಲ ಎಂದಾಗ ಪಕ್ಕದ ಸ್ಟ್ಯಾಂಡಿಗೆ ಒರಗಿಸಿ, ಸ್ಕ್ರೂ ತಿರುಗಿಸಿ ಚಂದ ನಿಲ್ಲಿಸಿಕೊಟ್ಟ. ಮನೆಗೆ ಬರುವಷ್ಟರಲ್ಲಿ ಮತ್ತೆ ಅದೇ ಕೆಮ್ಮು. "ನಿನ್ನ ಗಾಡಿಗೆ ನನ್ನ ಕಂಡ್ರೆ ಪ್ರೀತಿ ಕಣಕ್ಕ, ನನ್ನ ಮುಂದೆ ಮಾತ್ರ ಸುಮ್ಮನಿರುತ್ತೆ" ಎಂದು ನಕ್ಕಿದ್ದ.

ಬುಧವಾರ ಹಾಲು ಮುಟ್ಟಿಸಿ ಬಂದ ಮೇಲೆ ತಪ್ಕಿಗೆನ್ ಅಂಗಳದಲ್ಲಿ ಗೋಣಿ ಹಾಸಿ ಕೂತಳು. ಗಂಡ ಕಾರ್ಬೊರೇಟರ್ ಬಿಚ್ಚುವುದನ್ನು ಎಷ್ಟೋ ಸಲ ಸ್ಪ್ಯಾನರ್ ಎತ್ತಿಕೊಡುತ್ತಾ ನೋಡಿದ್ದಳು. ನಿಧಾನವಾಗಿ ಬಿಚ್ಚಿದಳು, ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಇಟ್ಟಳು. ಪೆಟ್ರೋಲ್ ಹಾಯುವ ಸಣ್ಣ ಜೆಟ್ಟಿನ ತೂತು ಸೂಜಿಮೊನೆಗಿಂತ ಕಿರಿದು. ತಂತಿ ಹಾಕಿದರೆ ತೂತು ಹಿಗ್ಗುತ್ತದೆ ಎಂದು ಗಂಡ ಹೇಳುತ್ತಿದ್ದುದು ನೆನಪಾಗಿ, ಹಾಲಿನ ಬುರುಡೆ ತೊಳೆಯುವ ಈಚಲು ಕುಂಚದಿಂದ ಒಂದು ಎಳೆ ಕಿತ್ತು ಅದರಿಂದ ಚುಚ್ಚಿ ತೆಗೆದಳು. ಕೆಂಪು ಧೂಳು ಬಂತು. ಮತ್ತೆ ಜೋಡಿಸಿ ಕಿಕ್ ಹೊಡೆದಾಗ ಇಂಜಿನ್ ಹತ್ತಿಕೊಂಡಿತು. ಅವಳು ಕೈ ಒರೆಸಿಕೊಂಡು ಹೊಳೆಯ ತನಕ ಹೋಗಿ ಬರೋಣವೆಂದು ಹೊರಟಳು. ಮೂರು ಮೈಲಿಯಲ್ಲಿ ಅದು ಮತ್ತೆ ಸತ್ತಿತು.

ಹಾದಿಯ ಬದಿಯಲ್ಲಿ ಜೆಬಿಟೊಕ್ ಮೇವು ಕೊಯ್ಯುತ್ತಿದ್ದಳು. ಹನ್ನೊಂದು ಮನೆಗಳಲ್ಲಿ ಕೊನೆಯದು ಅವಳದು. ಒಂದೇ ಹಸು, ಆದರೆ ಬಾಯಿ ಹತ್ತು ಹಸುವಿನ ಒಡತಿಯದು.

"ನೂಕಿಕೊಂಡೇ ಹೋಗು, ಮೈಗೆ ಒಳ್ಳೇದು" ಎಂದಳು. "ಶನಿವಾರದಿಂದ ನಮ್ಮ ಹಾಲನ್ನ ಕತ್ತೆ ಮೇಲೆ ಹೊರಿಸಬೇಕಂತೆ, ಹೌದಾ? ಕತ್ತೆ ಆದ್ರೆ ಏರಿನಲ್ಲಿ ನಿಲ್ಲಲ್ಲ ನೋಡು."

"ಕತ್ತೆಗೆ ನಿನ್ನ ಕ್ಯಾನು ಕಂಡ್ರೇ ಭಯ" ಎಂದು ತಪ್ಕಿಗೆನ್ ಮೆಲ್ಲಗೆ ಅಂದಳು. ಜಗಳಕ್ಕೆ ಅವಳಲ್ಲಿ ಉಸಿರಿರಲಿಲ್ಲ. ಪೆಟ್ರೋಲ್ ಎಷ್ಟಿದೆ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು.

ಅದು ಸುಸ್ ಎಂದಿತು.

ಅವಳು ಕೈ ಅಲ್ಲೇ ನಿಲ್ಲಿಸಿದಳು. ಆ ಸದ್ದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಹೊಗೆ ಹಾಕಿ, ಹಾಲು ತುಂಬಿ, ವಾರ ಬಿಟ್ಟು ಬುರುಡೆಯ ಮುಚ್ಚಳ ತೆಗೆದಾಗ ಬರುವ ಸದ್ದು ಅದು. ಹುಳಿ ಸರಿಯಾಗಿ ಆಗಿದ್ದರೆ ಬುರುಡೆ ಹೀಗೇ ಉಸಿರು ಬಿಡುತ್ತದೆ. ಆದರೆ ಇದು ಬಿಡಲಿಲ್ಲ. ಎಳೆದುಕೊಂಡಿತು. ಅಂಗೈಯನ್ನು ಟ್ಯಾಂಕಿನ ಬಾಯಿಗೆ ಹಿಡಿದಿದ್ದರೆ ಅಂಗೈಯನ್ನೇ ಒಳಗೆಳೆಯುವಂತಿತ್ತು.

ಮುಚ್ಚಳವನ್ನು ತಿರುವಿ ನೋಡಿದಳು. ಮಳೆಗಾಲದಲ್ಲಿ ಹಳೆಯ ಮುಚ್ಚಳ ಕೆಸರಿನಲ್ಲಿ ಎಲ್ಲೋ ಬಿದ್ದುಹೋಗಿ, ಇದನ್ನು ಸಂತೆಯಲ್ಲಿ ಕೊಂಡಿದ್ದಳು. ಏರಿನಲ್ಲಿ ಪೆಟ್ರೋಲ್ ಜಿನುಗುತ್ತಿತ್ತು. ಹಾಲು ಕಾಯುವ ಹೆಂಗಸು ಮಾಡುವುದನ್ನೇ ಅವಳೂ ಮಾಡಿದ್ದಳು: ಹಳೆಯ ಟ್ಯೂಬಿನಿಂದ ಬಳೆ ಕತ್ತರಿಸಿ ಸುತ್ತ ಕೂರಿಸಿ, ಮೇಲೆ ಕಂಡ ಸಣ್ಣ ತೂತಿಗೂ ಜೇನುಮೇಣ ಮೆತ್ತಿ, ಬುರುಡೆಯ ಬಾಯಿ ಮುಚ್ಚಿದಷ್ಟೇ ಬಿಗಿಯಾಗಿ ಮುಚ್ಚಿದ್ದಳು. ಒಂದು ಹನಿಯೂ ಹೊರಗೆ ಬರದಂತೆ ಮಾಡಿದೆನೆಂದು ಆಗ ಹೆಮ್ಮೆಪಟ್ಟಿದ್ದಳು. ಪೆಟ್ರೋಲ್ ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು ಎಂಬುದು ಹೊಳೆದಿರಲಿಲ್ಲ. ಕಿಕ್ ಹೊಡೆದಳು. ಇಂಜಿನ್ ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡಿತು.

"ಏನಾಯ್ತೇ?" ಎಂದಳು ಜೆಬಿಟೊಕ್, ಕುಡುಗೋಲು ಹಿಡಿದೇ ಹತ್ತಿರ ಬಂದು.

"ನಾನೇ ಕುತ್ತಿಗೆ ಹಿಸುಕ್ತಾ ಇದ್ದೆ" ಎಂದು ತಪ್ಕಿಗೆನ್ ಸೀರೆಪಿನ್ನಿನಂಥ ಒಂದು ಪಿನ್ನನ್ನು ತಲೆವಸ್ತ್ರದಿಂದ ತೆಗೆದು ಮೇಣ ಕೆರೆಯತೊಡಗಿದಳು.

ಗುರುವಾರ, ಶುಕ್ರವಾರ ಬೈಕು ಓಡುತ್ತ ಸಾಯಲಿಲ್ಲ. ಅರ್ಧ ಕಾಯಿಲೆ ಹೋಯಿತೆಂದು ಅವಳಿಗೆ ಧೈರ್ಯ ಬಂತು. ಆದರೆ ಇನ್ನರ್ಧ ಹಾಗೇ ಇತ್ತು. ನಿಂತಲ್ಲಿ ಆರುವುದು ನಿಲ್ಲಲಿಲ್ಲ. ಏರಿನಲ್ಲಿ ಕ್ಲಚ್ ಜಾರುವುದಂತೂ ಹೆಚ್ಚಿತ್ತು. ಎರಡು ದಿನವೂ ಕೊನೆಯ ತಿರುವಿನಲ್ಲಿ ಇಳಿದು ನೂಕಿದಳು, ಒಂಬತ್ತಕ್ಕೆ ಐದು ನಿಮಿಷ ಇರುವಾಗ ಮುಟ್ಟಿದಳು. ಶುಕ್ರವಾರ ಸಂಜೆ ಕ್ಲಚ್ ಹಿಡಿಯ ಬುಡದ ತಿರುಪನ್ನು ತಾನೇ ನೋಡಿದಳು. ಕೇಬಲ್ಲನ್ನು ಸಡಿಲ ಬಿಡುವಷ್ಟು ಬಿಟ್ಟಾಗಿತ್ತು, ಇನ್ನು ಬಿಡಲು ಏನೂ ಉಳಿದಿರಲಿಲ್ಲ. ಬೈಕಿನ ಮೇಲೆ ನೆಟ್ಟಗೆ ಕೂತು ಒತ್ತಿದರೆ, ಸಿಮಿಯು ಹೇಳಿದ ಹಾಗೆ, ಒಂದು ನಾಣ್ಯ ತೂರಿಸುವಷ್ಟು ಸಡಿಲ ಇತ್ತು. ಅಷ್ಟಿದ್ದರೆ ಸಾಕು ಎಂದು ಗಂಡನೂ ಹೇಳುತ್ತಿದ್ದ. ಹಾಗಾದರೆ ಜಾರುವುದೇಕೆ? ಅವಳಿಗೆ ತಿಳಿಯಲಿಲ್ಲ. ಸುಟ್ಟ ಹಳೆಯ ಪ್ಲೇಟುಗಳನ್ನು ಡಬ್ಬಿಯಿಂದ ತೆಗೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟಳು. ಚರ್ಮ ಕೇಳಿದರೆ ತೋರಿಸಬೇಕಲ್ಲ.

ಮಿಬೇಯ್ ಶನಿವಾರ ಬೆಳಗಾಗುತ್ತಲೇ ಬಂದ. ಕೋಟು ತೊಟ್ಟಿದ್ದ, ಊರುಗೋಲು ಹಿಡಿದಿದ್ದ. ಕೋಟಿನ ಜೇಬಿನಿಂದ ಹೊಸ ಕತ್ತಾಳೆ ಹಗ್ಗದ ಸುರುಳಿಯ ತುದಿ ಹೊರಗೆ ಕಾಣುತ್ತಿತ್ತು. ತಪ್ಕಿಗೆನ್ ಅದನ್ನು ನೋಡಿದಳು. ನೋಡಿದ್ದನ್ನು ಅವನೂ ನೋಡಿದ. ಹಾಲು ಹಾಕಿ ಕುದಿಸಿದ ಚಹಾ ಕೊಟ್ಟಳು. ಕುಡಿಯುತ್ತ, ಪೇಟೆಯ ವ್ಯಾಪಾರಿಯೊಬ್ಬ ಹಳೆಯ ಬೈಕುಗಳನ್ನು ಬಿಡಿಭಾಗಕ್ಕೆಂದು ಕೊಳ್ಳುತ್ತಾನೆ, ಮಧ್ಯಾಹ್ನ ಅವನ ಗಾಡಿ ಸಂತೆಗೆ ಬರುತ್ತದೆ ಎಂದು ಮಿಬೇಯ್ ಮಳೆಯ ಮಾತಿನ ನಡುವೆ ಸೇರಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಉತ್ತರ ಕೊಡಬಹುದಿತ್ತು.

"ಬೈಕು ನಂದಲ್ಲ ಭಾವ, ನಿಮ್ದು" ಎಂದಳು. "ಆದ್ರೆ ಒಯ್ಯೋಕ್ ಮುಂಚೆ ಅದರ ರೋಗ ಏನು ಅಂತ ನಂಗ್ ಗೊತ್ತಾಗ್ಬೇಕು. ಗೊತ್ತಿಲ್ದೆ ಕೊಟ್ರೆ ಅವರು ಇದ್ದಿದ್ರೂ ಒಪ್ತಿರ್ಲಿಲ್ಲ."

ಅವರು ಎಂದರೆ ಕಿಸೋರಿಯೊ. ಮಿಬೇಯ್ ಲೋಟ ಕೆಳಗಿಟ್ಟ. "ಆಗ್ಲಿ. ಎಬ್ಬಿಸು ಅದನ್ನ, ನೋಡಣ" ಎಂದ.

ಅವಳು ನಡುವಿನ ಸ್ಟ್ಯಾಂಡ್ ಹಾಕಿ ಬೈಕನ್ನು ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆದಳು. ಆರಿಹೋಗದ ಹಾಗೆ ಎಕ್ಸಲೇಟರನ್ನು ಕೂದಲೆಳೆಯಷ್ಟು ಹಿಡಿದುಕೊಂಡು ನಿಂತಳು. ಮಿಬೇಯ್ ಕುಂಟುತ್ತ ಸುತ್ತ ಒಂದು ಸಲ ನಡೆದ. ಎರಡನೆಯ ಸಲ ನಡೆದ. ಸೀಟು ತಟ್ಟಿದ, ಹೊಟ್ಟೆ ಮುಟ್ಟಿ ಬಿಸಿ ನೋಡಿದ. ಬೈಕಿನ ವಿಷಯ ಅವನಿಗೆ ಏನೇನೂ ಗೊತ್ತಿರಲಿಲ್ಲ. ಗೊತ್ತಿದ್ದುದು ಹಸು ನೋಡುವುದು. ಕೊನೆಗೆ, ಹಲ್ಲು ನೋಡಲು ಹಸುವಿನ ಮುಂದೆ ನಿಲ್ಲುವ ಹಾಗೆ ದೀಪದ ಮುಂದೆ ನಿಂತ. ಅವಳಿಗೆ ಕೈ ಬಿಡು ಎಂದು ಸನ್ನೆ ಮಾಡಿ ಹ್ಯಾಂಡಲಿನ ಎರಡು ತುದಿಗಳನ್ನೂ ಕೊಂಬು ಹಿಡಿದ ಹಾಗೆ ಹಿಡಿದು, ಬೈಕಿನ ತಲೆಯನ್ನು ಪೂರ್ತಿ ಒಂದು ಕಡೆಗೆ ತಿರುವಿದ.

ಆರಿಹೋಗುವುದರಲ್ಲಿದ್ದ ಇಂಜಿನ್ ಒಮ್ಮೆಲೇ ಜೋರಾಗಿ ಕೂಗಿತು.

ಮಿಬೇಯ್ ಬೆದರಿ ನೆಟ್ಟಗೆ ಮಾಡಿದ. ಕೂಗು ಇಳಿಯಿತು, ಕೆಮ್ಮು ಬಂತು. ಮತ್ತೆ ತಿರುವಿದ. ಮತ್ತೆ ಕೂಗಿತು.

"ನಾನು ಏನೂ ಒತ್ತಿಲ್ಲ" ಎಂದ, ತಪ್ಪು ಮಾಡಿದವನ ಹಾಗೆ. "ಕುತ್ತಿಗೆ ತಿರುವಿದ್ರೆ ಯಾಕ್ ಕಿರುಚುತ್ತೆ ಇದು? ಹಸು ಹಿಂಗೆ ಕಿರುಚಿದ್ರೆ ಕುತ್ತಿಗೇಲಿ ಏನೋ ಹಿಡಿದಿದೆ ಅಂತ ಅರ್ಥ."

ತಪ್ಕಿಗೆನ್ ಮಂಡಿಯೂರಿ ಹ್ಯಾಂಡಲಿನ ಕೆಳಗೆ ಮುಖ ಹಾಕಿ ಇನ್ನೊಮ್ಮೆ ತಿರುಗಿಸಲು ಹೇಳಿದಳು. ಎಡಕ್ಕೆ ತಿರುಗುತ್ತಿದ್ದಂತೆ ಎಕ್ಸಲೇಟರಿನ ಕೇಬಲ್ಲು ಗೂಟಕ್ಕೆ ಕಟ್ಟಿದ ಹಗ್ಗದಂತೆ ಬಿಗಿಯಾಯಿತು. ಅದರ ಪಕ್ಕದಲ್ಲೇ ಕ್ಲಚ್ಚಿನ ಕೇಬಲ್ಲೂ ಬಿಗಿಯಾಯಿತು. ಅವಳು ಮೇಲೆ ಕೈ ಚಾಚಿ ಕ್ಲಚ್ ಹಿಡಿಯನ್ನು ಮುಟ್ಟಿದಳು. ನಾಣ್ಯ ತೂರುವ ಸಡಿಲ ಎಲ್ಲಿ ಹೋಯಿತೋ, ಹಿಡಿ ಕಲ್ಲಿನಂತೆ ನಿಂತಿತ್ತು. ಯಾರೂ ಒತ್ತದೆಯೇ ಕ್ಲಚ್ ಅರ್ಧ ಒತ್ತಿದಂತಾಗಿತ್ತು.

ಕಿಪ್ಸೊಯ್ ಏರು ಗುಡ್ಡವನ್ನು ಸುತ್ತುವುದು ಎಡಕ್ಕೇ. ಮೂರು ತಿರುವೂ ಎಡಕ್ಕೇ.

ಒಂದೊಂದೇ ಗಂಟು ಬಿಚ್ಚಿಕೊಂಡಿತು. ನೆಟ್ಟಗೆ ಕೂತು ನೋಡಿದವರಿಗೆ ಕ್ಲಚ್ ಸರಿಯಾಗಿಯೇ ಕಾಣುತ್ತಿತ್ತು, ತಿರುವಿನಲ್ಲಿ ಮಾತ್ರ ಜಾರಿ ಪ್ಲೇಟು ಸುಡುತ್ತಿತ್ತು. ಪಕ್ಕದ ಸ್ಟ್ಯಾಂಡಿಗೆ ಒರಗಿಸಿದರೆ ಬೈಕಿನ ತಲೆ ತಾನಾಗಿ ಎಡಕ್ಕೆ ಬೀಳುತ್ತದೆ. ಸಿಮಿಯು ಸ್ಲೋ ನಿಲ್ಲಿಸಿದ್ದು ಆ ಭಂಗಿಯಲ್ಲಿ, ಕೇಬಲ್ಲು ಎಳೆದು ಇಂಜಿನ್ ಕೂಗುತ್ತಿದ್ದಾಗ. ಕೂಗು ಜಾಸ್ತಿಯಾಯಿತೆಂದು ಸ್ಕ್ರೂ ಇಳಿಸಿದ್ದ. ತಲೆ ನೆಟ್ಟಗಾದರೆ ಆರದೆ ಏನು ಮಾಡೀತು?

ಕೇಬಲ್ಲು ಗಿಡ್ಡವಾದದ್ದು ಹೇಗೆ ಎಂದು ಮಿಬೇಯ್ ಕೇಳಿದ. ಅದಕ್ಕೆ ಉತ್ತರ ಅವಳ ಬಾಯಲ್ಲೇ ಇತ್ತು, ಹೇಳಲು ನಾಚಿಕೆಯಾಯಿತು. ಕೇಬಲ್ಲು ಗಿಡ್ಡವಾಗಿರಲಿಲ್ಲ, ಹ್ಯಾಂಡಲ್ ಎತ್ತರವಾಗಿತ್ತು. ಐದು ತಿಂಗಳ ಹಿಂದೆ ಜೆಬಿಟೊಕ್ ತನ್ನ ಹಾಲನ್ನು ಬೇರೆಯವರ ಹಾಲಿನ ಜೊತೆ ಬೆರೆಸಬಾರದು, ತನ್ನ ಹಸುವಿನ ಬೆಣ್ಣೆಯೇ ಬೇರೆ ಎಂದು ಹಟ ಹಿಡಿದಳು. ಅವಳ ಸಣ್ಣ ಕ್ಯಾನನ್ನು ಟ್ಯಾಂಕಿನ ಮೇಲೆ ಕಟ್ಟಿಕೊಳ್ಳಬೇಕಾಯಿತು. ತಿರುಗಿಸುವಾಗ ಹ್ಯಾಂಡಲ್ ಅದಕ್ಕೆ ತಾಗುತ್ತಿತ್ತು. ಸಂತೆಯಲ್ಲಿ ಬೇರೊಂದು ಬೈಕಿನ ಎತ್ತರದ ಹ್ಯಾಂಡಲ್ ಸಿಕ್ಕಿತು, ಹಾಕಿಸಿಕೊಂಡಳು. ಕೇಬಲ್ಲುಗಳು ಮಾತ್ರ ಹಳೆಯವೇ.

ಎಲ್ಲ ಕೇಳಿ ಮಿಬೇಯ್ ಎತ್ತರದ ಹ್ಯಾಂಡಲನ್ನು ಊರುಗೋಲಿನಿಂದ ತಟ್ಟಿದ. "ಒಂದು ಹಸುವಿನ ಹಾಲಿಗೋಸ್ಕರ ನನ್ನ ಹಸುವಿನ ಕುತ್ತಿಗೆ ಉದ್ದ ಮಾಡಿದೀಯ" ಎಂದ. ಆಮೇಲೆ, "ಹಳೇ ಕೊಂಬು ಎಲ್ಲಿ?"

ಹಳೆಯ ಹ್ಯಾಂಡಲ್ ಕೊಟ್ಟಿಗೆಯ ಕಂಬದಲ್ಲಿತ್ತು. ಅದಕ್ಕೆ ಬುರುಡೆಗಳನ್ನು ನೇತುಹಾಕಿದ್ದಳು. ಒಂದೊಂದಾಗಿ ಇಳಿಸಿ, ಹೊಗೆಯ ಮಸಿ ಒರೆಸಿ ತಂದಳು. ಮಿಬೇಯ್ ಕಲ್ಲಿನ ಮೇಲೆ ಕೂತು ಬೈಕಿನ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದುಕೊಂಡ. ಅವಳು ನಾಲ್ಕು ಬೋಲ್ಟು ಬಿಚ್ಚಿದಳು, ನಾಲ್ಕು ಬೋಲ್ಟು ಬಿಗಿದಳು. ಕ್ಲಚ್ ಹಿಡಿಯಲ್ಲಿ ನಾಣ್ಯ ಇಟ್ಟು ತಿರುಪು ಸರಿಮಾಡಿದಳು. ನೆಟ್ಟಗಿದ್ದಾಗ ನೋಡಿದಳು, ಎಡಕ್ಕೆ ತಿರುಗಿಸಿ ನೋಡಿದಳು, ಬಲಕ್ಕೆ ತಿರುಗಿಸಿ ನೋಡಿದಳು. ನಾಣ್ಯ ಮೂರು ಕಡೆಯೂ ತೂರಿತು. ಆಮೇಲೆ ಇಂಜಿನ್ ಬಿಸಿಯಾಗಲು ಬಿಟ್ಟು, ತಲೆ ನೆಟ್ಟಗಿಟ್ಟೇ, ಸ್ಲೋ ಸ್ಕ್ರೂವನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ಏರಿಸಿದಳು. ಸದ್ದು ಸಮಕ್ಕೆ ಬಂದು ನಿಂತಿತು. ಮಲಗಿ ಮೆಲುಕು ಹಾಕುವ ದನದ ಉಸಿರಿನಂತೆ ಒಂದೇ ಸಮ.

"ಪ್ಲೇಟು ಅರ್ಧ ಸುಟ್ಟಿರುತ್ತೆ ಭಾವ" ಎಂದಳು. ಸುಳ್ಳು ಭರವಸೆ ಕೊಡುವುದು ಅವಳಿಗೆ ಬೇಡವಾಗಿತ್ತು. "ಹಿಡೀಬೋದು. ಹಿಡೀದೇನೂ ಇರ್ಬೋದು."

"ನಾನು ಕಾಲುಹಾದೀಲಿ ಮೇಲೆ ಹೋಗಿರ್ತೀನಿ. ನೀನು ಹಾಲು ತುಂಬ್ಕೊಂಡು ಬಾ. ಕಣ್ಣಲ್ಲಿ ನೋಡೋದೇನ್ ಬೇಡ, ನಂಗೆ ಕೇಳ್ಸುತ್ತೆ" ಎಂದು ಅವನು ಊರುಗೋಲು ಎತ್ತಿಕೊಂಡ. ಹಗ್ಗ ಜೇಬಿನಲ್ಲೇ ಇತ್ತು.

ಹನ್ನೊಂದು ಮನೆ ಮುಗಿಯುವ ತನಕ ಬೈಕು ಒಮ್ಮೆಯೂ ಆರಲಿಲ್ಲ. ಜೆಬಿಟೊಕ್ ಹ್ಯಾಂಡಲ್ ನೋಡಿ ಹುಬ್ಬೇರಿಸಿದಳು. ಸಣ್ಣ ಕ್ಯಾನಿಗೆ ಈಗ ಮುಂದೆ ಜಾಗವಿಲ್ಲ ಎಂದು ತಪ್ಕಿಗೆನ್ ಹೇಳಿ, ಅದನ್ನು ಹಿಂದೆ ಎರಡು ದೊಡ್ಡ ಕ್ಯಾನುಗಳ ನಡುವೆ ಟ್ಯೂಬಿನ ಪಟ್ಟಿಯಿಂದ ಬಿಗಿದಳು. ಪಟ್ಟಿ ಸಾಲದೆ ಕ್ಯಾನು ಅಲ್ಲಾಡುತ್ತಿತ್ತು. ಅಲ್ಲಾಡಿದರೆ ಬೆಣ್ಣೆ ಬಂದುಬಿಡುತ್ತೆ, ಇನ್ನೂ ಒಳ್ಳೇದೇ ಅಲ್ವಾ ಎಂದು ತಪ್ಕಿಗೆನ್ ಕೇಳಿದ್ದಕ್ಕೆ ಜೆಬಿಟೊಕ್ ನಗು ತಡೆಯಲಾರದೆ ಮುಖ ತಿರುಗಿಸಿದಳು.

ಏರು ಶುರುವಾಯಿತು. ಮೊದಲ ತಿರುವಿನಲ್ಲಿ ಎಡಕ್ಕೆ ವಾಲುವಾಗ ಅವಳ ಮೈಯೆಲ್ಲ ಕಿವಿಯಾಗಿತ್ತು. ಸದ್ದು ಏರಿತು, ಸದ್ದಿನ ಜೊತೆ ಚಕ್ರವೂ ನಡೆಯಿತು. ಎರಡನೆಯದೂ ಹಾಗೇ ಕಳೆಯಿತು. ಮೂರನೆಯ ತಿರುವಿನ ನಡುಮಧ್ಯದಲ್ಲಿ ಯಾರದೋ ದನಗಳು ಅಡ್ಡ ನಿಂತಿದ್ದವು. ಬ್ರೇಕ್ ಹಿಡಿದು ನಿಲ್ಲಲೇಬೇಕಾಯಿತು. ಎಡಕ್ಕೆ ತಿರುಗಿದ ತಲೆ, ಹಿಂದಕ್ಕೆಳೆಯುವ ಹಾಲಿನ ಭಾರ, ಕಾಲ ಕೆಳಗೆ ಜಾರುವ ಜಲ್ಲಿ. ಹಿಂದಿನ ದಿನವಾಗಿದ್ದರೆ ಅಲ್ಲಿಗೆ ಮುಗಿಯಿತು, ಇಳಿದು ನೂಕಬೇಕಿತ್ತು. ಇಂಜಿನ್ ಆರಲಿಲ್ಲ. ಅವಳು ದನಗಳನ್ನು ಬೈಯಲಿಲ್ಲ. ಅವು ತಮ್ಮ ಪುರುಸೊತ್ತಿನಲ್ಲಿ ದಾಟಿದವು. ಕೊನೆಯ ಕರು ಬದಿಗೆ ಸರಿದ ಮೇಲೆ ಎಕ್ಸಲೇಟರನ್ನು ಸ್ವಲ್ಪ ಹಿಡಿದು ಕ್ಲಚ್ಚನ್ನು ನಿಧಾನಕ್ಕೆ, ನಿಧಾನಕ್ಕೆ ಬಿಟ್ಟಳು. ಒಂದು ಕ್ಷಣ ಸುಟ್ಟ ವಾಸನೆ ಸುಳಿಯಿತು. ಆಮೇಲೆ ಪ್ಲೇಟುಗಳು ಕಚ್ಚಿದವು. ಬೈಕು ಒಮ್ಮೆ ನಡುಗಿ ಮೇಲಕ್ಕೆ ನಡೆಯಿತು.

ಮಿಬೇಯ್ ಏರಿನ ತುದಿಯಲ್ಲಿ, ಚಹಾ ಎಲೆ ತೂಗುವ ಚಪ್ಪರದ ಕಟ್ಟೆಯ ಮೇಲೆ ಕೂತಿದ್ದ. ಎಂಟೂವರೆಯೂ ಆಗಿರಲಿಲ್ಲ. ಅವಳು ಬೈಕು ನಿಲ್ಲಿಸಿ, ಇಂಜಿನ್ ಆಡುತ್ತಿರುವಂತೆಯೇ ಬಿಟ್ಟಳು. ಅವನು ಎದ್ದು ಬಂದು ಅದರ ಸುತ್ತ ನಡೆಯಲಿಲ್ಲ. ಬುಧವಾರದ ಮುಚ್ಚಳದ ಕತೆಯನ್ನು ಅವಳು ಬೆಳಿಗ್ಗೆಯೇ ಹೇಳಿದ್ದಳು. ಅದಕ್ಕೇ ಇರಬೇಕು, ಟ್ಯಾಂಕಿನ ಹತ್ತಿರ ಬಗ್ಗಿ, ಕಿವಿಯಿಟ್ಟು, ಮುಚ್ಚಳವನ್ನು ತಾನೇ ತಿರುಗಿಸಿದ. ಟ್ಯಾಂಕು ಸುಮ್ಮನಿತ್ತು.

"ಮಧ್ಯದಲ್ಲಿ ಯಾಕೆ ನಿಂತೆ?" ಎಂದು ಕೇಳಿದ.

"ದನ ಅಡ್ಡ ಬಂದ್ವು."

"ಯಾರವು?"

"ನೋಡ್ಲಿಲ್ಲ ಭಾವ."

ಅವನು ತಲೆಯಾಡಿಸಿದ. ದನ ಯಾರವೆಂದು ನೋಡದೆ ಬಂದವರನ್ನು ಅವನು ಸಾಮಾನ್ಯವಾಗಿ ಕ್ಷಮಿಸುವವನಲ್ಲ. ಅವಳು ಬಟ್ಟೆಯಲ್ಲಿ ಸುತ್ತಿದ ಸುಟ್ಟ ಪ್ಲೇಟುಗಳನ್ನು ತೆಗೆದು ಎರಡೂ ಕೈಯಿಂದ ಕೊಟ್ಟಳು. ಅವನು ಬಿಚ್ಚಿ ನೋಡಿದ, ಕಪ್ಪಾದ ಅಂಚನ್ನು ಹೆಬ್ಬೆರಳಿಂದ ಸವರಿದ, ಮತ್ತೆ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಳ್ಳಲು ಹೋದ. ಜೇಬಿನಲ್ಲಿ ಹಗ್ಗ ಇತ್ತು, ಜಾಗವಿರಲಿಲ್ಲ. ಹಗ್ಗದ ಸುರುಳಿಯನ್ನು ಹೊರಗೆಳೆದು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತ. ಅವನ ಕಣ್ಣು ಹಿಂದಿನ ಸಣ್ಣ ಕ್ಯಾನಿನ ಮೇಲೆ ಬಿತ್ತು.

"ಇದನ್ನ ಯಾರಾದ್ರೂ ಹಿಂಗ್ ಕಟ್ತಾರಾ?" ಎಂದ. ಊರುಗೋಲನ್ನು ಅವಳ ಕೈಗೆ ಕೊಟ್ಟು, ಟ್ಯೂಬಿನ ಪಟ್ಟಿ ಬಿಚ್ಚಿ, ಜೆಬಿಟೊಕ್‌ಳ ಕ್ಯಾನನ್ನು ದೊಡ್ಡ ಕ್ಯಾನುಗಳಿಗೆ ಸೇರಿಸಿ ಹಗ್ಗದಿಂದ ಮೂರು ಸುತ್ತು ಸುತ್ತಿದ. ಕರು ಕಟ್ಟುವ ಗಂಟು ಹಾಕಿ, ಎಳೆದು ನೋಡಿ, ಇನ್ನೊಂದು ಗಂಟು ಹಾಕಿದ. ಆಮೇಲೆ ಊರುಗೋಲು ತೆಗೆದುಕೊಂಡ.

"ಸೋಮವಾರದಿಂದ ನಮ್ಮನೆ ಹಾಲೂ ಹೊಳೆ ದಡಕ್ಕೆ ತಂದಿಡ್ತಾರೆ, ತಗೊಂಡ್ಹೋಗು" ಎಂದ. "ಹೊಸ ಪ್ಲೇಟು ಹಾಕಿಸುವಾಗ ನಂಗೂ ಹೇಳು. ಆ ಸಿಮಿಯು ಕೂತ್ಕೊಂಡು ನೋಡ್ತಾನೋ ನಿಂತ್ಕೊಂಡು ನೋಡ್ತಾನೋ, ನಾನೂ ನೋಡ್ಬೇಕು."

ಅವಳು ಮೊದಲ ಗೇರಿಗೆ ಹಾಕಿದಳು. ಶೀತಲ ಘಟಕದ ಮುಂದೆ ಆಗಲೇ ಏಳೆಂಟು ಬೈಕುಗಳ ಸಾಲಿತ್ತು. ಸಾಲಿನ ಕೊನೆಯಲ್ಲಿ ನಿಂತು, ಸಾಲು ಮುಂದೆ ಸರಿಯುವ ತನಕ, ಬೇಕಿಲ್ಲದಿದ್ದರೂ, ಅವಳು ಇಂಜಿನ್ ಆರಿಸಲಿಲ್ಲ.